ಕೂರಿಸಿಟ್ಟ ಕಾಲು

ಇಪ್ಪತ್ತೆರಡು ವರ್ಷ ವಿಲೆ ಪಾರ್ಲೆಯ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತ ನಾಗವ್ವನಿಗೆ ಈಗ ಹಾಸಿಗೆಯಿಂದ ಏಳಲು ಸೊಸೆಯ ರಟ್ಟೆ ಬೇಕಿತ್ತು. ಮುಪ್ಪು ಎಂದು ಚಾಳಿನವರು ಅನ್ನುತ್ತಿದ್ದರು. ಮುಪ್ಪೂ ಅಲ್ಲ, ಮಣ್ಣೂ ಅಲ್ಲ. ಮಗ ಬಸವಂತಪ್ಪನ ದೊಡ್ಡಸ್ತಿಕೆ! ಬ್ಯಾಂಕುಗಳು ಸರ್ಕಾರದ ಕೈಗೆ ಬಂದ ವರ್ಷ ಅವನಿಗೆ ಬ್ಯಾಂಕಿನಲ್ಲಿ ಜವಾನನ ಕೆಲಸ ಸಿಕ್ಕಿತು. ಅಂದೇ ತಾಯಿಯ ತಲೆಯ ಸಿಂಬಿ ಕಿತ್ತೆಸೆದ. ನೌಕರಿಯ ಮಗನಿದ್ದೂ ತಾಯಿ ಒಂದು ಕೊಡ ನೀರು ಹೊತ್ತರೆ ಅವನು ಮುಖ ಎತ್ತಿ ತಿರುಗುವುದು ಹೇಗೆ? ಹಾಗಾಗಿ ಅವಳು ಕೂತೇ ಉಣ್ಣಬೇಕಾಯಿತು.

ಕೂತಳು. ಮೂರು ವರ್ಷದಲ್ಲಿ ಮೂರು ಸಲ ಬಿದ್ದಳು. ಕಡೆಯ ಸಲ ಬಿದ್ದದ್ದು ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ತುದಿಯ ಸಂಡಾಸಿಗೆ ಹೋಗುವಾಗ. ಆಮೇಲೆ ಸೊಸೆ ಕಸ್ತೂರಿಬಾಯಿ ಗಂಡನ ಮಾತಿನಂತೆ ಖೋಲಿಯ ಮೂಲೆಯಲ್ಲೇ ಡಬ್ಬಿ ಇಟ್ಟಳು. ಮೊಮ್ಮಕ್ಕಳ ಕಣ್ಣೆದುರು ಡಬ್ಬಿಯ ಮೇಲೆ ಕೂರುವುದು ಯಾವ ಸೀಮೆಯ ಮರ್ಯಾದೆ?

ಸಾಂತಾಕ್ರೂಜ್‌ನ ದವಾಖಾನೆಯಲ್ಲಿದ್ದ ಧಾರವಾಡದ ಡಾಕ್ಟರ್ ನೀಲಕಂಠಪ್ಪ, ಮಗ ಕರೆತಂದ ನಾಗವ್ವನಿಗೆ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಎರಡನೆಯ ಸಲಕ್ಕೇ ಅವಳ ತೊಡೆ ಥರಥರ ನಡುಗಿತು.

"ಎಲುಬು ಗಟ್ಟಿ ಅದಾವ. ತೊಡಿ ಸ್ನಾಯು ಸೊರಗ್ಯಾವ," ಎಂದರು ಡಾಕ್ಟರ್. "ಉಂಡ ಅನ್ನಾ ಶಕ್ತಿ ಆಗೂದು ಅಲ್ಲೇ. ಕೆಲಸ ಇಲ್ಲಂದ್ರ ಆ ಶಕ್ತಿ ಹುಟ್ಟೂದ ಕಡಿಮಿ ಆಗ್ತೈತಿ, ಎಡವಿದಾಗ ಕಾಲು ತಡಿಯೂದಿಲ್ಲ. ಯಾರು ಕುಂಡ್ರಿಸಿದ್ರು ಇವರನ್ನ?"

"ನಾನ ರೀ. ಆರಾಮ ಇರಲಿ ಅಂತ," ಎಂದ ಬಸವಂತಪ್ಪ, ಎದೆಯುಬ್ಬಿಸಿ.

"ದಿನಾ ಹಿಂಗ ಎಬ್ಬಿಸಿ ಕುಂಡ್ರಸ್ರಿ, ನಡಸ್ರಿ. ಕಾಳು, ಹಾಲು ಕೊಡ್ರಿ."

ಹೊರಗೆ ಬಂದದ್ದೇ ಬಸವಂತಪ್ಪ ಸಿಡುಕಿದ: "ಈ ವಯಸ್ಸಿನಾಗ ಅವ್ವಗ ಕವಾಯತು ಮಾಡಸ್ತಾನಂತ ಮಂದಿ ನಗೂದಿಲ್ಲೇನು? ಏನೂ ಬ್ಯಾಡ."

ಮರುದಿನ ಅವನು ಲೋಕಲ್ ರೈಲು ಹಿಡಿಯಲು ಹೊರಟ ಮೇಲೆ ನಾಗವ್ವ ಪೆಟ್ಟಿಗೆಯ ಮೇಲೆ ಕೂತು, ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಕಸ್ತೂರಿಬಾಯಿ ಮೊದಲು ಹೆದರಿದಳು, ಆಮೇಲೆ ತಾನೇ ಎಣಿಸತೊಡಗಿದಳು, ನೆನೆಸಿದ ಕಡಲೆಯನ್ನೂ ಕೊಟ್ಟಳು. ಎರಡು ತಿಂಗಳು ಹೀಗೇ ನಡೆಯಿತು.

ಒಂದು ಭಾನುವಾರ ಬೆಳಿಗ್ಗೆ, ಚಾಳಿಗೆ ಚಾಳೇ ನಳದ ಮುಂದೆ ನಿಂತಿದ್ದಾಗ, ನಾಗವ್ವ ಚೊಂಬು ಹಿಡಿದು ಗ್ಯಾಲರಿಗೆ ಇಳಿದಳು. ಅರ್ಧ ದಾರಿಯಲ್ಲಿ ಕಾಲು ತಡವರಿಸಿತು. ಬಸವಂತಪ್ಪ ಓಡಿಬಂದು ರಟ್ಟೆ ಹಿಡಿದ.

"ಒಳಗ ನಡಿಯವ್ವ, ಮಂದಿ ನೋಡಾಕತ್ತಾರ!"

"ನೋಡ್ಲಿ! ನಿನ್ನ ಮರ್ಯಾದಿಗೆ ಮೂರು ವರ್ಷ ನನ್ನ ಕಾಲು ಕೊಟ್ಟೀನಿ. ಇನ್ನ ಕೊಡೂದಿಲ್ಲ. ಕೈ ತಗಿ!"

ಅವನು ಕೈ ತೆಗೆದ. ಅವಳು ಒಬ್ಬಳೇ ತುದಿಯವರೆಗೆ ನಡೆದಳು, ಸಂಡಾಸಿನ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.