ಮೊ ಅಂದರೆ ಮೊಬೈಲ್ ಅಲ್ಲ

ಪುಟ್ಟಿಯ ತಂಡದವರೆಲ್ಲ ಬಹಳ ಒಳ್ಳೆಯವರು. ತೊಂದರೆ ಇದ್ದದ್ದೇ ಅಲ್ಲಿ. ಅವಳಿಗೆ ಮಾತು ತೊದಲುತ್ತದೆಂದು ಗೊತ್ತಾದ ದಿನದಿಂದ ಅವಳ ಒಂದು ವಾಕ್ಯವನ್ನೂ ಅವರು ಅದರ ಪಾಡಿಗೆ ಮುಗಿಯಲು ಬಿಟ್ಟವರಲ್ಲ. ಅವಳು "ನೀ..." ಎನ್ನುವಷ್ಟರಲ್ಲಿ ನೀರಿನ ಬಾಟಲಿ ಕೈಗೆ ಬರುತ್ತಿತ್ತು. ಅವಳು ಕೇಳಬೇಕೆಂದಿದ್ದದ್ದು "ನೀವ್ಯಾಕೆ ನಿನ್ನೆ ಬರಲಿಲ್ಲ" ಎಂದು. ಬಾಯಾರದಿದ್ದರೂ ಒಂದು ಗುಟುಕು ಕುಡಿದು ಸುಮ್ಮನಾಗುತ್ತಿದ್ದಳು. ಇಂಥ ಉಪಕಾರಿಗಳ ಕೈಗೆ ಸಿಕ್ಕವರ ಪಾಡು ಯಾರಿಗೂ ಬೇಡ.

ಕಾಲೇಜಿನ ನಾಟಕದ ತರಗತಿಯಲ್ಲಿ ಆರು ಮಂದಿ ಸೇರಿ ಒಂದು ನಾಟಕ ಕಟ್ಟಬೇಕಿತ್ತು. ಸೋರುವ ಬಾಡಿಗೆ ಮನೆ, ಒಳಗೊಂದು ಸಂಸಾರ, ಸುರಿಯುವ ಮಳೆಯಲ್ಲೇ ಬಂದು "ಖಾಲಿ ಮಾಡಿ" ಎನ್ನುವ ಮಾಲೀಕ. ಇಷ್ಟೇ ಕಥೆ. ಮಾಲೀಕನ ಪಾತ್ರವನ್ನು ಲೀಡರ್ ತಾನೇ ಇಟ್ಟುಕೊಂಡ. ಅವನನ್ನು ಯಾರೂ ಲೀಡರ್ ಮಾಡಿರಲಿಲ್ಲ; ಹುಟ್ಟುವಾಗಲೇ ಆಗಿದ್ದ. ಉಳಿದ ಪಾತ್ರಗಳನ್ನೆಲ್ಲ ಹಂಚಿ ಮುಗಿಸಿ ಪುಟ್ಟಿಯ ಕಡೆ ತಿರುಗಿದ.

"ನಿಂಗೆ ಮಾತಿನ ರಗಳೆ ಬೇಡ. ಮ್ಯೂಸಿಕ್ ನೋಡ್ಕೋ."

ಪುಟ್ಟಿಗೆ ಬೇಜಾರೇನೂ ಆಗಲಿಲ್ಲ. ಅಪ್ಪನ ಮರಗೆಲಸದ ಅಂಗಡಿಯಲ್ಲಿ ಬೆಳೆದವಳು ಅವಳು. ಗರಗಸ, ಸುತ್ತಿಗೆಗಳ ಸದ್ದಿನ ನಡುವೆಯೇ ಮಗ್ಗಿ ಕಲಿತವಳು. ತಗಡಿನ ಡಬ್ಬಿಯಲ್ಲಿ ಸಣ್ಣ ಮೊಳೆಗಳನ್ನು ಹಾಕಿ ಮೆಲ್ಲಗೆ ಓರೆ ಮಾಡಿದರೆ ಥೇಟ್ ಮಳೆಯ ಸದ್ದೇ ಬರುತ್ತದೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅದು ನೆನಪಾದದ್ದೇ ತಡ, ಖುಷಿಗೆ ನಾಲಿಗೆ ಇನ್ನಷ್ಟು ತೊಡರಿತು.

"ಮ್ಯೂಸಿಕ್ಕು ಮೊ... ಮೊ... ಮೊ..."

"ಮೊಬೈಲಲ್ಲಾ?" ಎಂದ ಲೀಡರ್. "ಸೂಪರ್! ಮೊಬೈಲಲ್ಲೇ ಹಾಕೋಣ. ಒಳ್ಳೆ ಪಿಟೀಲು ನಾನೇ ಹುಡುಕ್ತೀನಿ, ನೀನೇನೂ ತಲೆ ಕೆಡಿಸ್ಕೋಬೇಡ."

ಉಳಿದವರೆಲ್ಲ ತಲೆಯಾಡಿಸಿದರು. ತಾಯಿಯ ಪಾತ್ರ ಸಿಕ್ಕಿದವಳಂತೂ ಎಂಥಾ ಐಡಿಯಾ ಎಂದು ಪುಟ್ಟಿಯ ಬೆನ್ನು ತಟ್ಟಿದಳು.

ಸಂಜೆ ಅಂಗಡಿಯಲ್ಲಿ ಅಪ್ಪ ಇದನ್ನು ಕೇಳಿ ಮೊದಲು ನಕ್ಕ, ಮಗಳ ಮುಖ ನೋಡಿ ನಗು ನಿಲ್ಲಿಸಿದ.

"ಮೊಳೆ ಅಂತ ಹೇಳ್ಬೇಕಿತ್ತಮ್ಮ."

"ಹೇ-ಹೇಳೋಕೆ ಬಿಟ್ರೆ ತಾನೆ!"

"ಅವರು ಬಿಡಲಿ ಅಂತ ಕೂತ್ರೆ ಕೂತಲ್ಲೇ ಬೇರು ಬಿಡ್ತೀಯ." ಅಪ್ಪ ಕಪಾಟಿನಿಂದ ಡಬ್ಬಿ ಇಳಿಸಿದ. "ಸಣ್ಣವು ಒಯ್ಯಿ. ದೊಡ್ಡವು ಮುಟ್ಟಬೇಡ, ನಾಳೆ ಬಾಗಿಲು ಕೂರಿಸೋದಿದೆ. ಒಂದೂ ಕಳೀಬಾರದು ನೋಡು."

ಮೇಡಂ ಎದುರಿನ ತಾಲೀಮಿಗೆ ತರಗತಿಯೆಲ್ಲ ಸೇರಿತ್ತು. ಲೀಡರನ ಮೊಬೈಲಿನಿಂದ ಪಿಟೀಲು ಅಳತೊಡಗಿತು. ತಾಯಿಯ ಪಾತ್ರದವಳು ಹೇಗೋ ಕಣ್ಣೀರು ತಂದುಕೊಂಡು, "ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದಳು. ಪಿಟೀಲು ಥಟ್ಟನೆ ನಿಂತು ಗಂಡುದನಿಯೊಂದು ಕೇಳಿಸಿತು: "ನಿಮ್ಮ ಕನಸಿನ ಮನೆಗೆ ಇಂದೇ ಕರೆ ಮಾಡಿ!"

ಜಾಹೀರಾತು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಸಂಗೀತ ಯಾರ ಜವಾಬ್ದಾರಿ?" ಮೇಡಂ ಮಾತ್ರ ನಗಲಿಲ್ಲ.

"ಇವಳದ್ದು ಮೇಡಂ," ಎಂದ ಲೀಡರ್. "ಮೊಬೈಲಲ್ಲಿ ಹಾಕೋಣ ಅಂದಿದ್ದೂ ಇವಳೇ."

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಆಡದ ಮಾತಿಗೆ ಹೊಣೆಯೂ ತನ್ನದೇ! ಎದ್ದು ನಿಂತಳು.

"ಮೇಡಂ, ನಾ-ನಾನು ಹೇಳಿದ್ದು ಮೊ... ಮೊ..."

"ಪರವಾಗಿಲ್ಲ ಕಣಮ್ಮ, ಕೂತ್ಕೋ," ಎಂದರು ಮೇಡಂ, ಜೇನಿನಂಥ ದನಿಯಲ್ಲಿ. "ಆಮೇಲೆ ಬರೆದು ಕೊಡು, ಆಯ್ತಾ?"

ಈಗ ಕೂತರೆ ಜನ್ಮವಿಡೀ ಕೂತಂತೆಯೇ ಎಂದು ಅವಳಿಗೆ ಅನ್ನಿಸಿತು. ಚೀಲದಿಂದ ಡಬ್ಬಿ ತೆಗೆದು ಡೆಸ್ಕಿನ ಮೇಲೆ ಕುಕ್ಕಿದಳು. ಅಲ್ಲಲ್ಲಿ ಉಳಿದಿದ್ದ ನಗುವೂ ಗಪ್‌ಚಿಪ್ ಆಯಿತು.

"ಕೂರಲ್ಲ," ಎಂದಳು. "ಬ-ಬರೆದೂ ಕೊಡಲ್ಲ. ನಾನು ಹೇಳಿದ್ದು ಮೊ... ಮೊ..."

ಲೀಡರ್ ಸಹಾಯಕ್ಕೆಂದು ಬಾಯಿ ತೆರೆದ. ಅವಳು ಡಬ್ಬಿಯನ್ನು ಅವನ ಮುಖಕ್ಕೇ ಹಿಡಿದು ಗಲಗಲ ಅಲ್ಲಾಡಿಸಿದಳು. ಅವನ ಮಾತು ಅವನಿಗೇ ಕೇಳಿಸಲಿಲ್ಲ.

"ಮೊಳೆ! ಮೊಬೈಲ್ ಅಂದಿದ್ದು ಇವನು. ನ-ನನ್ನ ಮಾತನ್ನ ಇನ್ಮೇಲೆ ನಾನೇ ಮುಗಿಸ್ತೀನಿ. ಲೇ-ಲೇಟಾದ್ರೆ ಕಾದ್ಕೊಂಡಿರಿ. ಈಗ ಸೀ... ಸೀನು ಮೊದಲಿಂದ ಮಾಡಿ."

ಇಷ್ಟನ್ನು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮಾಡಿ," ಎಂದರು.

ಪುಟ್ಟಿ ಪರದೆಯ ಹಿಂದೆ ಹೋಗಲಿಲ್ಲ. ಸೋರುವ ಮನೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು ಡಬ್ಬಿಯನ್ನು ಓರೆ ಮಾಡಿದಳು. ಮೊದಲು ನಾಲ್ಕು ಹನಿ. ಆಮೇಲೆ ಸಣ್ಣ ಸೋನೆ. ಆಮೇಲೆ ಬಿಡದೆ ಸುರಿಯತೊಡಗಿತು. ಹಿಂದಿನ ಬೆಂಚಿನವನೊಬ್ಬ ತಲೆಯೆತ್ತಿ ಸೂರು ನೋಡಿದ. ತಾಯಿಯ ಪಾತ್ರದವಳು ಈ ಸಲ ಕಣ್ಣೀರಿನ ಗೋಜಿಗೇ ಹೋಗಲಿಲ್ಲ. ಬಟ್ಟೆಯ ಗೊಂಬೆಯನ್ನು ಎದೆಗೊತ್ತಿಕೊಂಡು ನೆನೆಯದ ಮೂಲೆ ಹುಡುಕಿದಳು.

ಮಾಲೀಕ ಒಳಗೆ ಬಂದ. "ಖಾಲಿ..." ಎಂದ. ಮಳೆ ಜೋರಾಯಿತು. ಅವನು ಸ್ವಲ್ಪ ತಡೆದು ಮತ್ತೆ ಬಾಯಿ ತೆರೆದ. ಮತ್ತೆ ಜೋರಾಯಿತು. ಮಾತನ್ನು ಬಾಯಲ್ಲೇ ಇಟ್ಟುಕೊಂಡು ನಿಂತು ಅವನಿಗೆ ಅಭ್ಯಾಸವಿರಲಿಲ್ಲ, ಕತ್ತು ಕೆಂಪಾಯಿತು. ಪುಟ್ಟಿಗೆ ಒಂಚೂರೂ ಕನಿಕರ ಬರಲಿಲ್ಲ, ಸುಳ್ಳೇಕೆ ಹೇಳಬೇಕು.

ಕೊನೆಗೆ ಅವನು ಪಾತ್ರ ಬಿಟ್ಟು ಅವಳ ಕಡೆ ಬಗ್ಗಿದ. "ನಾನು ಯಾವಾಗ ಮಾತಾಡ್ಲಿ?"

"ಮ... ಮ..." ಎಂದಳು ಪುಟ್ಟಿ.

ಯಾವ ಪದವೆಂದು ಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಪ್ರತಿಯೊಬ್ಬರ ನಾಲಿಗೆಯ ತುದಿಗೂ ಅದು ಬಂದಿತ್ತು. ತಾಯಿಯ ಪಾತ್ರದವಳು ತುಟಿ ಕಚ್ಚಿಕೊಂಡಳು. ಮೇಡಂ ಕೈ ಕಟ್ಟಿಕೊಂಡು ಕೂತರು. ಲೀಡರ್ ಬಾಯಿ ತೆರೆಯಹೋಗಿ ಡಬ್ಬಿಯನ್ನು ನೋಡಿ ಮುಚ್ಚಿಕೊಂಡ.

ಪುಟ್ಟಿ ಆತುರಪಡಲಿಲ್ಲ.

"ಮ... ಮ... ಮಳೆ ನಿಂತ್ಮೇಲೆ," ಎಂದು ಹೇಳಿ, ಡಬ್ಬಿಯನ್ನು ಇನ್ನೊಂದು ಕಡೆಗೆ ಓರೆ ಮಾಡಿದಳು.