ಮಾತಿನ ಬಾಲ

ಆ ಊರಿನ ಹೆಸರು ಬೇಡ. ಅಲ್ಲಿ ಕೋಟೆ ಇತ್ತು, ಪೇಟೆ ಇತ್ತು, ಪೇಟೆಯ ಕೆಳಗೆ ತಗ್ಗಿನ ಬೀದಿ ಇತ್ತು. ಸುದ್ದಿ ಸಾರಲು ಡಂಗುರದವನೊಬ್ಬ ಇದ್ದ. ಅವನ ಹೆಸರು ದುಗ್ಗಯ್ಯ.

ಆ ಊರಿನಲ್ಲಿ ಮಾತಿಗೆ ಬಾಲ ಇರುತ್ತಿತ್ತು. ಕಿವಿಯಿಂದ ಕೇಳಿದ್ದಾದರೆ ಕೊನೆಗೆ ‘ಅಂತೆ’ ಬರಬೇಕು. ಊಹೆಯಾದರೆ ‘ಬಹುದು’ ಬರಬೇಕು. ಪರೀಕ್ಷೆ ಮಾಡಿ ನೋಡಿದ್ದಾದರೆ ಬಾಲ ಬೇಡ. ಇದನ್ನು ಯಾರೂ ಕಲಿಸುತ್ತಿರಲಿಲ್ಲ. ಮಕ್ಕಳು ಮಾತಿನ ಜೊತೆಗೇ ಕಲಿಯುತ್ತಿದ್ದರು. ‘ಹುಲಿ ಬಂದಿದೆ’ ಎಂದರೆ ಜನ ಬಾಗಿಲು ಹಾಕುತ್ತಿದ್ದರು. ‘ಹುಲಿ ಬಂದಿದೆಯಂತೆ’ ಎಂದರೆ ಎಲ್ಲಿ, ಯಾರು ಕಂಡರು ಎಂದು ವಿಚಾರಿಸುತ್ತಿದ್ದರು. ‘ಹುಲಿ ಬಂದಿರಬಹುದು’ ಎಂದರೆ ದನಗಳನ್ನು ಮಾತ್ರ ಒಳಗೆ ಕಟ್ಟುತ್ತಿದ್ದರು.

ಬಾಲ ಬಿದ್ದುಹೋಗದ ಹಾಗೆ ಮಾತನ್ನು ಬೀದಿಯಿಂದ ಬೀದಿಗೆ ಮುಟ್ಟಿಸುವುದೇ ಡಂಗುರದವನ ಕೆಲಸ. ದುಗ್ಗಯ್ಯನ ತಂದೆ ಹಾಗೆ ಮುಟ್ಟಿಸುತ್ತಿದ್ದ. ದುಗ್ಗಯ್ಯನೂ ಮೊದಮೊದಲು ಹಾಗೇ ಮಾಡಿದ. ಆಮೇಲೆ ಅವನೊಂದು ವಿಷಯ ಕಂಡುಕೊಂಡ. ‘ಬಹುದು’ ಎಂದರೆ ಜನ ಜಗುಲಿಯಿಂದ ಏಳುವುದಿಲ್ಲ. ‘ಅಂತೆ’ ಎಂದರೆ ಕೆಲವರು ಎದ್ದು ಬರುತ್ತಾರೆ. ಬಾಲವೇ ಇಲ್ಲದಿದ್ದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿ ಬರುತ್ತಾರೆ.

ಊರಿಗೆ ಒಬ್ಬ ವೈದ್ಯೆ ಇದ್ದಳು, ಸಾತಮ್ಮ. ಓದಿದವಳು. ಓದಿದ್ದನ್ನೂ ಪರೀಕ್ಷೆ ಮಾಡದೆ ನಂಬುವವಳಲ್ಲ. ಒಂದು ಮಳೆಗಾಲ ಅವಳು ದುಗ್ಗಯ್ಯನನ್ನು ಕರೆಸಿದಳು.

“ಆಡುಸೋಗೆ ಕಷಾಯ ಕುಡಿದವರಲ್ಲಿ ಕೆಲವರಿಗೆ ಕೆಮ್ಮು ಇಳಿದಿದೆ. ಕಷಾಯದಿಂದ ಇಳಿಯಿತೋ ತಾನಾಗಿಯೇ ಇಳಿಯಿತೋ ಇನ್ನೂ ತಿಳಿಯದು. ಉಪಯೋಗ ಆಗಬಹುದು ಅಂತ ಸಾರು. ‘ಬಹುದು’ ಬಿಡಬೇಡ.”

ದುಗ್ಗಯ್ಯ ಡಂಗುರ ಬಡಿದ. “ಆಡುಸೋಗೆ ಕುಡೀರಿ, ಕೆಮ್ಮು ಮಾಯ!” ಪೇಟೆ ದಾಟುವ ಹೊತ್ತಿಗೆ ಕ್ಷಯವೂ ಮಾಯವಾಗಿತ್ತು. ಕೋಟೆಯ ಬಾಗಿಲಿಗೆ ಬರುವಷ್ಟರಲ್ಲಿ ಬೋಳುತಲೆಯ ಮೇಲೆ ಕೂದಲು ಬಂದಿತ್ತು.

ಊರ ಸುತ್ತ ಆಡುಸೋಗೆಯ ಎಲೆ ಉಳಿಯಲಿಲ್ಲ. ಸಿಗದವರು ನೋಡಲು ಅದರ ಹಾಗೇ ಇದ್ದ ಬೇರೊಂದು ಗಿಡವನ್ನು ಕುದಿಸಿ ಕುಡಿದರು. ಅವರಲ್ಲಿ ಇಬ್ಬರು ಸತ್ತರು.

ಸಾತಮ್ಮ ಕೇಳಿದಳು: “ನಾನು ಕೊಟ್ಟ ‘ಬಹುದು’ ಎಲ್ಲಿ ಹೋಯಿತು?”

“ಉದ್ದ ಆಯ್ತು ಅಂತ ಬಿಟ್ಟೆ ಅಮ್ಮಾವ್ರೇ. ಕೂಗೋ ಗಂಟಲು ನಂದಲ್ವಾ?”

“ಮೂರಕ್ಷರ ಕಣಯ್ಯ.”

“ಆ ಮೂರಕ್ಷರ ಸೇರಿಸಿದ್ರೆ ಕೇಳೋಕೆ ಮೂರು ಜನಾನೂ ನಿಲ್ಲಲ್ಲ.”

ಸತ್ತವರ ಮನೆಯವರು ಊರ ಯಜಮಾನನ ಅಂಗಳದಲ್ಲಿ ಕೂತರು. ಯಜಮಾನನಿಗೆ ಯಾವ ಮಾತು ಪರೀಕ್ಷೆ ಮಾಡಿದ್ದು, ಯಾವುದು ಬರೀ ಕೇಳಿದ್ದು ಎಂದು ನೋಡುವಷ್ಟು ವ್ಯವಧಾನ ಇರಲಿಲ್ಲ. ಒಂದು ಕಟ್ಟಳೆ ಮಾಡಿದ. ಇನ್ನು ಮುಂದೆ ಊರಿನಲ್ಲಿ ಸಾರುವ ಪ್ರತಿ ಮಾತಿಗೂ ‘ಅಂತೆ’ ಇರಬೇಕು. ಬಿಟ್ಟವನ ಡಂಗುರ ಕಿತ್ತುಕೊಳ್ಳಲಾಗುವುದು.

ಸಾತಮ್ಮ ಎದ್ದು ನಿಂತಳು. “ಪರೀಕ್ಷೆ ಮಾಡಿದ್ದಕ್ಕೂ ‘ಅಂತೆ’ಯೇ?”

“ಎಲ್ಲಕ್ಕೂ. ನಿಮ್ಮ ಮಾತಿಗೊಂದು, ಇನ್ನೊಬ್ಬರ ಮಾತಿಗೊಂದು ಅಂದರೆ ಪಕ್ಷಪಾತ ಆಗುತ್ತದೆ.”

“ಬೆಂಕಿ ಸುಡುತ್ತದೆ ಅನ್ನುವುದಕ್ಕೂ?”

“ಸುಡುತ್ತದಂತೆ ಅನ್ನಿ. ನಿಮ್ಮ ಗಂಟೇನು ಹೋಗುತ್ತದೆ?”

ಜನ ಚಪ್ಪಾಳೆ ತಟ್ಟಿದರು. ದುಗ್ಗಯ್ಯನಿಗೂ ಒಳ್ಳೆಯದೇ ಆಯಿತು. ಮೊದಲು ಬಾಲ ಯಾವುದೆಂದು ನೆನಪಿಡಬೇಕಿತ್ತು. ಈಗ ಎಲ್ಲಕ್ಕೂ ಒಂದೇ. ಸಂತೆ ಇದೆಯಂತೆ. ಹುಣಸೆಮರ ಮಾತಾಡಿತಂತೆ. ಸೇತುವೆ ಬಿರುಕು ಬಿಟ್ಟಿದೆಯಂತೆ. ಜನರ ಕಿವಿಯೂ ಇದಕ್ಕೆ ಒಗ್ಗಿತು. ಬೇಕಾದ್ದನ್ನು ನಂಬಿದರು. ಬೇಡವಾದ್ದನ್ನು ‘ಅಂತೆ ತಾನೇ’ ಎಂದು ಬಿಟ್ಟರು.

ಬೇಸಗೆಯಲ್ಲಿ ತಗ್ಗಿನ ಬೀದಿಗೆ ಜ್ವರ ಬಂತು. ಜ್ವರದ ಜೊತೆ ಭೇದಿ. ಮೊದಲು ಮಕ್ಕಳು ಸತ್ತರು, ಆಮೇಲೆ ದೊಡ್ಡವರು. ದುಗ್ಗಯ್ಯನ ಒಬ್ಬಳೇ ಮಗಳು ಕೆಂಪಿಯನ್ನು ಆ ಬೀದಿಗೇ ಕೊಟ್ಟಿದ್ದರು. ಅವಳು ತುಂಬು ಬಸುರಿ.

ಸಾತಮ್ಮ ತಗ್ಗಿನ ಬೀದಿಯ ಮನೆಮನೆಗೂ ಹೋದಳು. ಎಲ್ಲರೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದರು. ಗಾಣಿಗರ ಮನೆಯವರು ಮಾತ್ರ ನೆರೆಯವರೊಡನೆ ಜಗಳವಾಡಿ, ಆ ಬಾವಿಯ ಕಟ್ಟೆ ಹತ್ತುವುದಿಲ್ಲ ಎಂದು ಆಣೆ ಮಾಡಿಕೊಂಡು, ದೂರದ ಮೇಲಿನ ಕೆರೆಯಿಂದ ನೀರು ತರುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ಜ್ವರ ಇರಲಿಲ್ಲ. ಒಂದು ಮನೆಯನ್ನು ನೋಡಿ ಹೇಳಲಾಗದು ಎಂದು ಸಾತಮ್ಮ ಇನ್ನೂ ಹುಡುಕಿದಳು. ಬಾವಿಯ ಮೇಲ್ಗಡೆ ಪೇಟೆಯವರ ಕೊಳಚೆ ಗುಂಡಿ ಇತ್ತು. ಬಣ್ಣಗಾರರಿಂದ ನೀಲಿ ತಂದು ಆ ಗುಂಡಿಗೆ ಸುರಿದಳು. ಕಾದಳು. ಕೆಲವು ದಿನಕ್ಕೆ ಬಾವಿಯ ನೀರಿಗೆ ನೀಲಿ ಇಳಿಯಿತು, ಹುಡುಕಿ ನೋಡಿದವರಿಗೆ ಮಾತ್ರ ಕಾಣುವಷ್ಟು.

ಅವಳು ದುಗ್ಗಯ್ಯನ ಮನೆಗೇ ಬಂದಳು.

“ಗುಂಡಿಯ ಕೊಳಚೆ ಬಾವಿಗೆ ಇಳಿಯುತ್ತಿದೆ. ಜ್ವರ ಅದರಿಂದಲೇ. ಕೆಂಪಿ ಆ ನೀರು ಮುಟ್ಟಬಾರದು. ಈ ಮಾತಿಗೆ ಬಾಲ ಇಲ್ಲ, ದುಗ್ಗಯ್ಯ.”

ದುಗ್ಗಯ್ಯ ಅಂದೇ ತಗ್ಗಿನ ಬೀದಿಯಲ್ಲಿ ಡಂಗುರ ಬಡಿದ. ಗಂಟಲು ಹರಿಯುವ ಹಾಗೆ ಕೂಗಿದ. ಡಂಗುರ ಹೋದರೆ ಅನ್ನವೂ ಹೋಗುತ್ತದೆ ಎಂದು ಕಟ್ಟಳೆಗೆ ಸರಿಯಾಗಿಯೇ ಕೂಗಿದ. “ಬಾವಿಗೆ ಕೊಳಚೆ ಸೇರಿದೆಯಂತೆ! ನೀರು ಕುಡಿಯಬಾರದಂತೆ!” ಬಾವಿಕಟ್ಟೆಯ ಹೆಂಗಸರು ತಲೆ ಎತ್ತಿ ನೋಡಿದರು. ಹಗ್ಗ ಇಳಿಬಿಟ್ಟರು.

ಅವನು ಯಜಮಾನನ ಬಳಿ ಹೋಗಿ ಗುಂಡಿ ಮುಚ್ಚಿಸಿ ಎಂದು ಕೈಮುಗಿದ.

“ಏನಂತ ಸಾರಿದೆ?” ಎಂದ ಯಜಮಾನ.

“ಕೊಳಚೆ ಸೇರಿದೆಯಂತೆ ಅಂತ, ಬುದ್ಧಿ.”

“ಬರೀ ‘ಅಂತೆ’ ನಂಬಿಕೊಂಡು ಪೇಟೆಯವರ ಗುಂಡಿ ಮುಚ್ಚಿಸಲೇನಯ್ಯ?”

ದುಗ್ಗಯ್ಯ ಮಗಳ ಮನೆಗೆ ಹೋದ. ಕೆಂಪಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅವಳ ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಮಗಾ, ಆ ನೀರು ಬೇಡ ಕಣವ್ವ.”

“ಅಪ್ಪಾ, ಹುಣಸೆಮರ ಮಾತಾಡ್ತಂತೆ ಅಂತಾನೂ ನೀನೇ ಕೂಗಿದ್ದೆ. ಹೋಗಿ ನಿಂತ್ಕೊಂಡೆ. ಅದು ನನ್ ಜೊತೆ ಒಂದ್ ಮಾತೂ ಆಡ್ಲಿಲ್ಲ.”

“ಇದು ನಿಜ. ಸಾತಮ್ಮೋರು ಕಣ್ಣಾರೆ ನೋಡವ್ರೆ.”

“ಬೋಳುತಲೇಲಿ ಕೂದ್ಲು ಬರುತ್ತೆ ಅಂದಾಗ್ಲೂ ಸಾತಮ್ಮೋರ ಹೆಸರೇ ಹೇಳ್ದೆ. ನಮ್ ಮಾವ ಇನ್ನೂ ತಲೆ ಸವರ್ಕೋತಾನೇ ಅವ್ರೆ.” ಅವಳು ನಕ್ಕಳು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಮೇಲಿನ ಕೆರೆಯಿಂದ ಕೊಡ ಹೊತ್ತು ತರಕ್ಕಾಗುತ್ತಾ ಈಗ ನನ್ ಕೈಲಿ?”

“ನಾನು ತಂದಾಕ್ತೀನಿ.”

ತಂದು ಹಾಕಿದ. ಅತ್ತೆ ಆ ನೀರನ್ನು ಎಮ್ಮೆಗೆ ಇಟ್ಟಳು. “ಬೀಗರ ಕೈಲಿ ನೀರು ಹೊರಿಸ್ಕೊಂಡು ಕುಡಿದ್ರು ಅಂತ ಊರೋರ ಬಾಯಿಗೆ ಬೀಳಬೇಕಾ? ನಮ್ಮನೇಲಿ ಬಾವಿಗೆ ಹೋಗೋರು ಸತ್ತಿಲ್ಲ” ಎಂದಳು. ಪಕ್ಕದ ಮನೆಯಲ್ಲಿ ಮಾರನೆಯ ದಿನವೇ ಒಬ್ಬರು ಸತ್ತರು.

ದುಗ್ಗಯ್ಯ ಯೋಚನೆ ಮಾಡಿದ. ಯೋಚಿಸಿ ರೂಢಿ ಇರಲಿಲ್ಲ. ಆದರೆ ಜನ ಯಾವುದಕ್ಕೆ ಏಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಮತ್ತೆ ತಗ್ಗಿನ ಬೀದಿಗೆ ಬಂದು ಡಂಗುರ ಬಡಿದ.

“ಬಾವೀಲಿ ದೆವ್ವ ಸೇರಿದೆಯಂತೆ! ನೀರು ನೀಲಿ ಮಾಡಿದೆಯಂತೆ!”

ದೆವ್ವದ ಮಾತಿಗೆ ಆ ಊರಿನಲ್ಲಿ ಮೊದಲಿನಿಂದಲೂ ‘ಅಂತೆ’ಯೇ ಇತ್ತು. ಅದಿಲ್ಲದೆ ದೆವ್ವದ ಸುದ್ದಿ ಹೇಳಿದವರೇ ಇರಲಿಲ್ಲ. ಕಟ್ಟಳೆ ಬಂದ ಮೇಲೂ ಬಾಲ ಬದಲಾಗದ ಸುದ್ದಿ ಇದು. ಜನಕ್ಕೆ ಚೆನ್ನಾಗಿ ಕೇಳಿಸಿತು. ಬಗ್ಗಿ ನೋಡಿದರು. ನೀರು ನೀಲಿಯಾಗಿಯೇ ಇತ್ತು. ಮುದುಕಿಯೊಬ್ಬಳಿಗೆ ಗೆಜ್ಜೆ ಸದ್ದು ಕೇಳಿಸಿತು. ಇನ್ನೊಬ್ಬನಿಗೆ ನೀರಿನೊಳಗೆ ಬಿಚ್ಚಿದ ಕೂದಲು ಕಂಡಿತು. ಸಂಜೆಯ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಕಾಗೆ ಬಿಟ್ಟರೆ ಯಾರೂ ಇರಲಿಲ್ಲ. ಬೀದಿಗೆ ಬೀದಿಯೇ ಮೇಲಿನ ಕೆರೆಗೆ ಹೋಯಿತು. ಕೆಂಪಿಯ ಅತ್ತೆ ಎಲ್ಲರಿಗಿಂತ ಮುಂದೆ ಹೋದಳು.

ಜ್ವರ ಇಳಿಯಿತು. ಹೊಸದಾಗಿ ಯಾರೂ ಮಲಗಲಿಲ್ಲ. ದುಗ್ಗಯ್ಯ ಸಾತಮ್ಮನ ಬಳಿ ಹೋಗಿ ನಡೆದದ್ದನ್ನು ಹೇಳಿದ. ಅವಳು ಹೊಗಳಬಹುದು ಎಂದುಕೊಂಡಿದ್ದ.

“ನಾನು ಬಾವಿ ನೋಡಿದ್ದೇನೆ. ಅದರಲ್ಲಿ ದೆವ್ವ ಇಲ್ಲ,” ಎಂದಳು ಸಾತಮ್ಮ.

“ಇಲ್ಲ ಅಂತ ನಂಗೂ ಗೊತ್ತು. ಜನ ಉಳುದ್ರಲ್ಲ ಅಮ್ಮಾವ್ರೇ? ನಿಮ್ಮ ನಿಜದಿಂದ ಒಬ್ರೂ ಉಳೀಲಿಲ್ಲ.”

ಸಾತಮ್ಮ ಕೇಳಿದಳು: “ದೆವ್ವ ಬಿಟ್ಟುಹೋಯಿತು ಅಂತ ಯಾರಾದರೂ ಹೇಳಿದ ದಿನ ಏನು ಮಾಡುತ್ತೀಯ?”

ಹಾಗೆ ಹೇಳುವವನು ಬೇಗನೆ ಬಂದ. ಮೇಲಿನ ಕೆರೆ ದೂರ, ಏರುದಾರಿ. ಹೆಂಗಸರ ಸೊಂಟ ಬಿದ್ದುಹೋಗಿತ್ತು. ಬೀದಿಯವರೆಲ್ಲ ಸೇರಿ ಮಂತ್ರವಾದಿಯನ್ನು ಕರೆಸಿದರು. ಅವನು ಬಾವಿಗೆ ಮೂರು ಸುತ್ತು ಬಂದ, ನಿಂಬೆಹಣ್ಣು ಕೊಯ್ದ, ಕಟ್ಟೆಗೆ ಗೂಟ ಹೊಡೆದ. ಗುಂಡಿಯಲ್ಲಿನ ನೀಲಿ ಅಷ್ಟರಲ್ಲಿ ತೀರಿತ್ತು. ಮಂತ್ರವಾದಿ ಒಂದು ತಂಬಿಗೆ ನೀರು ಸೇದಿ ಬಿಸಿಲಿಗೆ ಹಿಡಿದ.

“ನನ್ನ ಮಾತು ನಂಬಬೇಡಿ. ನಿಮ್ಮ ಕಣ್ಣಿಂದ ನೋಡಿ,” ಎಂದ.

ಜನ ನೋಡಿದರು. ನೀರು ತಿಳಿಯಾಗಿತ್ತು.

“ದೆವ್ವ ಹೋಯಿತಂತೆ ಅಂತ ಸಾರು,” ಎಂದು ಯಜಮಾನ ದುಗ್ಗಯ್ಯನಿಗೆ ಹೇಳಿದ. ದುಗ್ಗಯ್ಯ ಡಂಗುರವನ್ನು ಕೆಳಗಿಟ್ಟು ಬಾವಿಕಟ್ಟೆ ಹತ್ತಿದ.

“ನೀರಲ್ಲಿ ಕೊಳಚೆ ಇದೆ! ಕುಡೀಬೇಡಿ! ದೆವ್ವ ಇರ್ಲೇ ಇಲ್ಲ. ಅದನ್ನ ನಾನೇ ಹುಟ್ಟಿಸ್ದೆ!”

ಯಾರೋ ಹಿಂದಿನಿಂದ ಅಂದರು: “ದೆವ್ವಾನೇ ಹುಟ್ಟಿಸಿದ್ನಂತೆ ಕಣ್ರೋ! ಬಾಣಂತಿಗೆ ಬಿಸಿನೀರು ಕಾಯ್ಸಿ!” ಎಲ್ಲರೂ ನಕ್ಕರು. ಯಜಮಾನ ನಗಲಿಲ್ಲ. ಮಾತಿಗೆ ಬಾಲ ಇರಲಿಲ್ಲವೆಂದು ಡಂಗುರವನ್ನು ಎತ್ತಿಕೊಂಡು ಹೋಗಲು ಆಳಿಗೆ ಸನ್ನೆ ಮಾಡಿದ.

ಕೆಂಪಿ ಆಗಲೇ ಕೊಡ ತುಂಬಿಸಿ ಸೊಂಟದ ಮೇಲೆ ಇಟ್ಟುಕೊಂಡಿದ್ದಳು. ದುಗ್ಗಯ್ಯ ಕಟ್ಟೆಯಿಂದ ಧುಮುಕಿ ಆ ಕೊಡವನ್ನು ಕಿತ್ತು ಕಲ್ಲಿಗೆ ಎಸೆದ. ಪಕ್ಕದವಳ ಕೊಡಕ್ಕೂ ಕೈ ಹಾಕಿದ. ಜನರ ನಗು ನಿಂತಿತು.

“ನೋಡಿದಿರಾ?” ಎಂದ ಮಂತ್ರವಾದಿ. “ಬಾವಿ ಬಿಟ್ಟ ದೆವ್ವ ಇವನ ಮೈಗೆ ಸೇರಿದೆ. ಆ ನೀರು ಕಂಡರೆ ಹೇಗೆ ಹೆದರುತ್ತಿದೆ ನೋಡಿ.”

“ನಂಗೇನೂ ಹಿಡಿದಿಲ್ಲ!” ಎಂದು ದುಗ್ಗಯ್ಯ ಕೂಗಿದ.

“ಹಿಡಿದಿಲ್ಲ ಅಂತ ಯಾವಾಗಲೂ ದೆವ್ವವೇ ಹೇಳೋದು.”

ಅವನನ್ನು ಹಿಡಿದು ಬಾವಿಯ ಕಂಬಕ್ಕೆ ಕಟ್ಟಿದರು. ಸಾತಮ್ಮ ಜನರನ್ನು ತಳ್ಳಿಕೊಂಡು ಬಂದಳು. “ಬಿಡಿ ಅವನನ್ನು. ಅವನು ಹೇಳುತ್ತಿರುವುದು ನಿಜ,” ಎಂದಳು.

“ನಿಜವಂತೆ ಅನ್ನಿ, ಅಮ್ಮ,” ಎಂದ ಯಜಮಾನ. “ಕಟ್ಟಳೆ ಎಲ್ಲರಿಗೂ ಒಂದೇ.” ಅವನ ಆಳುಗಳು ಅವಳನ್ನು ಗೌರವದಿಂದಲೇ ಹಿಂದಕ್ಕೆ ಸರಿಸಿದರು.

ದೆವ್ವ ಇಳಿಯಬೇಕಾದರೆ ಅದು ಹೆದರುವ ನೀರನ್ನೇ ಕುಡಿಸಬೇಕು ಎಂದು ಮಂತ್ರವಾದಿ ತಂಬಿಗೆ ಮುಂದಕ್ಕೆ ಹಿಡಿದ. ದುಗ್ಗಯ್ಯ ಹಲ್ಲು ಕಚ್ಚಿದ. ಇಬ್ಬರು ದವಡೆ ಹಿಡಿದು ಕೆನ್ನೆಗೆ ಬಾರಿಸಿದರೂ ಬಾಯಿ ಬಿಡಲಿಲ್ಲ. ನೀರೆಲ್ಲ ಎದೆಯ ಮೇಲೆ ಚೆಲ್ಲಿತು.

“ಹೊಡೀಬೇಡ್ರಪ್ಪೋ, ನಮ್ಮಪ್ಪನ್ನ ಹೊಡೀಬೇಡಿ. ನಾನು ಕುಡಿಸ್ತೀನಿ,” ಎಂದು ಕೆಂಪಿ ಅಳುತ್ತ ಮುಂದೆ ಬಂದಳು. ತಂಬಿಗೆಯನ್ನು ಮತ್ತೆ ತುಂಬಿಸಿಕೊಂಡಳು. ಭಾರದ ಹೊಟ್ಟೆ ಹಿಡಿದುಕೊಂಡು ಅವನ ಎದುರು ಮಂಡಿ ಊರಿದಳು. ಸೆರಗಿನಿಂದ ಅವನ ಮುಖ ಒರೆಸಿದಳು.

“ಯಾಕಪ್ಪಾ ಇಷ್ಟ್ ಹೆದರ್ತೀಯ? ಬರೀ ನೀರು. ನೋಡು, ಮೊದ್ಲು ನಾನು ಕುಡೀತೀನಿ. ಆಮೇಲೆ ನೀನು.”

ದುಗ್ಗಯ್ಯ ಹಗ್ಗ ಹರಿಯುವ ಹಾಗೆ ಎಳೆದಾಡಿದ. ಆ ಇಬ್ಬರು ಇನ್ನೂ ದವಡೆ ಅದುಮಿ ಹಿಡಿದಿದ್ದರಿಂದ ಮಾತು ಹೊರಡದೆ, ಬೇಡ ಎಂದು ತಲೆ ಆಡಿಸಿದ. ದೆವ್ವ ನಡುಗುತ್ತಿದೆ ಎಂದು ಜನ ಒಬ್ಬರಿಗೊಬ್ಬರು ತೋರಿಸಿದರು. ಕೆಂಪಿ ತಂಬಿಗೆ ಎತ್ತಿ, ಅವನ ಮುಖ ನೋಡುತ್ತಲೇ, ತಳ ಕಾಣುವವರೆಗೆ ಕುಡಿದಳು.