ಸಿನಿಮಾ ಮಾಡುವ ಕಂಪ್ಯೂಟರ್

ಕಮಲಾಪುರದ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಗೌತಮಿ ಎಂಟು ವರ್ಷದಿಂದ ಊರವರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಒಂದು ಗುರುವಾರ ಅವಳ ಹಳೆಯ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಸೋಮವಾರದೊಳಗೆ ಕೆಲಸ ಶುರುವಾಗದಿದ್ದರೆ ಗಿರಾಕಿಗಳು ತಹಶೀಲ್ದಾರ್ ಕಚೇರಿ ಎದುರಿನ ಅಂಗಡಿಗೆ ಹೋಗುತ್ತಾರೆ. ಹೋದವರು ಮತ್ತೆ ಬರುವುದಿಲ್ಲ. ಕೂಡಿಟ್ಟ ದುಡ್ಡನ್ನೆಲ್ಲ ಗಂಡನ ಕೈಗಿಟ್ಟು ಹೇಳಿದಳು: "ಕನ್ನಡ ಟೈಪ್ ಆಗಬೇಕು, ಪ್ರಿಂಟರ್ ಹತ್ತಬೇಕು. ಅಷ್ಟಾದ್ರ ಸಾಕ್ರಿ."

ಪ್ರೇಮಕುಮಾರ ಕಲಬುರಗಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅಂಗಡಿಗೆ ಕಾಲಿಟ್ಟರೆ ಮಾತ್ರ ಸಾಹೇಬರ ಗತ್ತು. ಅಲ್ಲಿಯವನು ಎರಡು ಸಲ "ಸರ್" ಅಂದದ್ದೇ ತಡ, ಉಬ್ಬಿಹೋಗಿ, ಹೆಂಡತಿಯ ದುಡ್ಡಿಗೆ ತನ್ನ ಸಂಬಳವನ್ನೂ ಸೇರಿಸಿ, ಎಲ್ಲಕ್ಕಿಂತ ದುಬಾರಿಯಾದ ಕಂಪ್ಯೂಟರನ್ನು ಹೊತ್ತು ತಂದ.

"ಇದರಾಗ ಸಿನಿಮಾ ಎಡಿಟ್ ಮಾಡ್ತಾರ, ಗೊತ್ತದೇನು?"

"ನಾ ಪಹಣಿ ಅರ್ಜಿ ಮಾಡ್ತೀನ್ರಿ. ಪ್ರಿಂಟರ್ ವೈರ್ ಎಲ್ಲಿ ಹಚ್ಚಲಿ?"

ಎಲ್ಲಿಯೂ ಇಲ್ಲ. ಆ ಹೊಸ ಕಂಪ್ಯೂಟರ್ ಮಹಾಶಯನಿಗೆ ಇದ್ದದ್ದು ಎರಡೇ ಸಣ್ಣ ತೂತು, ಅವಳ ಪ್ರಿಂಟರ್ ವೈರ್ ಅದರಲ್ಲಿ ಹೋಗಲಿಲ್ಲ. ಅವಳ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕೂಡ ಅದರಲ್ಲಿ ಕೂರಲಿಲ್ಲ.

"ನಿನಗ ನಡಸಾಕ ಬರಂಗಿಲ್ಲ ಅನ್ನು," ಎಂದು ಪ್ರೇಮಕುಮಾರ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದ. ಪರದೆಯ ಮೇಲಿನ ಪ್ಲಾಸ್ಟಿಕ್ ಕೂಡ ಕೀಳಲು ಬಿಡಲಿಲ್ಲ. ಬಂದವರಿಗೆಲ್ಲ ಬಟ್ಟೆ ಎತ್ತಿ ಬೆಲೆ ಹೇಳುತ್ತಿದ್ದ. ಏನು ಕೆಲಸ ಮಾಡುತ್ತದೆಂದು ಕೇಳಿದರೆ ಚಹಾ ತರಿಸುತ್ತಿದ್ದ. ಗೌತಮಿಗೆ ಮೈಯೆಲ್ಲ ಉರಿಯಿತು. ಹೋದದ್ದು ಅವಳ ದುಡ್ಡು, ಮೆರೆದದ್ದು ಅವನ ಮೀಸೆ.

ಶನಿವಾರ ಅವಳು ಹಳೆಯ ಕಂಪ್ಯೂಟರಿನ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿ, ಕಲಬುರಗಿಯ ಶಹಾಬಜಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗುಫ್ರಾನ್‌ನ ಮುಂದಿಟ್ಟಳು. ಅವನು ಬಿಚ್ಚಿದ, ಧೂಳು ಊದಿದ, ನಕ್ಕ.

"ಪವರ್ ಸಪ್ಲೈ ಒಂದೇ ಸುಟ್ಟದ ಬೆಹೆನ್. ನಿಮ್ಮ ಫೈಲ್ ಎಲ್ಲಾ ಸಲಾಮತ್ ಅವ, ಒಂದೂ ಹೋಗಿಲ್ಲ."

ಒಂದು ಸಾವಿರಕ್ಕೆ ಮುಗಿಯಿತು. ಸೋಮವಾರ ಪಡಸಾಲೆ ತುಂಬಿತು.

ಆಮೇಲೆ ದಿನಾ ರೊಟ್ಟಿ ಬಡಿಸುವಾಗ ಒಂದೇ ಪ್ರಶ್ನೆ: "ನನ್ನ ರೊಕ್ಕ ಯಾವಾಗ ಬರ್ತದ್ರಿ?" ಅಂಗಡಿಯವನು ಹೊಸ ಕಂಪ್ಯೂಟರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಿಗೆ ಪ್ರೇಮಕುಮಾರ ಮೆತ್ತಗಾದ. ಒಂದು ಬೆಳಿಗ್ಗೆ ಕೈಯಲ್ಲಿ ಚೀಟಿ ಹಿಡಿದು ಹೆಂಡತಿಯ ಮೇಜಿನ ಹತ್ತಿರ ಬಂದ.

"ಪಾಳಿ ಹಚ್ರಿ," ಎಂದಳು ಗೌತಮಿ, ತಲೆ ಎತ್ತದೆ.

ನಾಲ್ಕು ಜನರ ಹಿಂದೆ ನಿಂತು, ತನ್ನ ಸರದಿ ಬಂದಾಗ ಚೀಟಿ ಕೊಟ್ಟ. ಅವಳು ಎಲ್ಲರಿಗೂ ಕೇಳುವಂತೆ ಓದಿದಳು: "ಉತ್ತಮ ಕಂಪ್ಯೂಟರ್ ಮಾರಾಟಕ್ಕಿದೆ. ಸ್ವಲ್ಪ ಬಳಸಿದ್ದು."

"ಇದು ಸುಳ್ಳಾಗ್ತದ್ರಿ," ಎಂದು ಕೊನೆಯ ಸಾಲು ತಿದ್ದಿ, ಪ್ರಿಂಟ್ ತೆಗೆದು ಗಂಡನ ಕೈಗಿಟ್ಟಳು. ಅದರಲ್ಲಿ, "ಒಂದು ದಿನವೂ ಕೆಲಸಕ್ಕೆ ಬಂದಿಲ್ಲ" ಎಂದಿತ್ತು.

"ಇಪ್ಪತ್ತು ರೂಪಾಯಿ ಇಡ್ರಿ. ಹಿಂದಿನವರು ಬರ್ರಿ."